ಹಬ್ಬವಿಲ್ಲದ ದಿನದ ಎಳ್ಳು

ಪಕ್ಕದ ಮನೆಯಿಂದ ಎಳ್ಳು ಹುರಿಯುವ ವಾಸನೆ ಬರುತ್ತಿದೆ. ಹಬ್ಬ ಯಾವುದೂ ಇಲ್ಲ. ಹಬ್ಬವಿಲ್ಲದ ದಿನ ಹೊಸ ಸೊಸೆ ಎಳ್ಳು ಹುರಿದರೆ ನನ್ನ ಮೂಗು ಸುಮ್ಮನಿರುವುದಿಲ್ಲ. ಯಾಕೆ ಅಂತ ಹೇಳುತ್ತೇನೆ. ನನ್ನ ಬರವಣಿಗೆ ಕೋಳಿ ಕೆದಕಿದ ಹಾಗೆ. ನೀವೇ ಸರಿಮಾಡಿ ಓದಿಕೊಳ್ಳಿ.

ನನ್ನ ಸೊಸೆ ಮಂಜುಳನೂ ಹೀಗೇ ಒಂದು ಬೆಳಿಗ್ಗೆ ಹುರಿಯುತ್ತಿದ್ದಳು. ಆಗ ಮಗುವಿನ್ನೂ ಅಂಬೆಗಾಲು. ಹೊಟ್ಟೆ ಕುಯ್ದು ತೆಗೆದ ಮಗು. ಸದ್ಯಕ್ಕೆ ಮತ್ತೆ ಬಸಿರಾದರೆ ಜೀವಕ್ಕೆ ಕಷ್ಟ ಅಂತ ಡಾಕ್ಟರಮ್ಮ ಹೇಳಿದ್ದರು. ಬಾಣಲೆ ಪಕ್ಕ ಬೆಲ್ಲ, ಕಾಯಿ ಪರಂಗಿ. ನೋಡಿದ ಕೂಡಲೇ ತಿಳಿಯಿತು. ಬಸಿರು ನಿಲ್ಲಬಾರದು ಅಂದರೆ ನಮ್ಮ ಕಡೆ ಹೆಂಗಸರು ಉಷ್ಣ ಅಂತ ತಿನ್ನುವುದು ಇದನ್ನೇ.

"ಯಾವತ್ತು?" ಅಂದೆ.

"ನೆನ್ನೆ ಕಣತ್ತೆ. ಕಾಂಡೋಮ್ ಅರ್ದೋಯ್ತು." ಅಷ್ಟು ಹೇಳುವಷ್ಟರಲ್ಲಿ ಅರ್ಧ ಸೆರಗು ಬಾಯೊಳಗೆ ಹೋಗಿತ್ತು.

"ಎರಡು ಮಕ್ಳು ಸಾಕು ಅಂತ ನಾನು ತಿನ್ನದ ಎಳ್ಳಾ? ಪರಂಗಿ ಗಿಡಾನೇ ಬೋಳು ಮಾಡ್ದೆ. ಅಷ್ಟು ತಿಂದ್ರೂ ಉಟ್ಟಿದೋನೇ ನಿನ್ ಗಂಡ. ಎತ್ತಿಡು ಅತ್ಲಾಗೆ!"

ನಮ್ಮೂರು ಅಗರಕ್ಕೆ ಯಳಂದೂರೇ ಹತ್ತಿರ. ಆದರೆ ಅಲ್ಲಿ ಆಸ್ಪತ್ರೆ ಬಾಗಿಲಲ್ಲೇ ನೆಂಟರು ಸಿಗುತ್ತಾರೆ ಅಂತ ಕೊಳ್ಳೇಗಾಲದ ಬಸ್ಸು ಹತ್ತಿದೆವು. ಬಸ್ಸಿನಲ್ಲೇ ಧನಗೆರೆಯ ಬೀಗಿತ್ತಿ.

"ಏನವ್ವ, ಅತ್ತೆ ಸೊಸೆ ಜೋಡೀಲಿ?"

"ಮಂಡಿ ನೋವು ಕಣವ್ವ" ಅಂದೆ. ಸುಳ್ಳಲ್ಲ, ನೋವು ಯಾವಾಗಲೂ ಇದೆ.

ಆಸ್ಪತ್ರೆಯಲ್ಲಿ ನರ್ಸಮ್ಮ ಬಿಡಿಸಿ ಹೇಳಿದಳು. ಇಂಥದ್ದಕ್ಕೆಂದೇ ಒಂದು ಮಾತ್ರೆ ಇದೆ, ಕೂಡಿದ ಮೂರು ದಿನದೊಳಗೆ ನುಂಗಬೇಕು. ಎಷ್ಟು ಬೇಗವೋ ಅಷ್ಟು ಒಳ್ಳೆಯದು. ತಡವಾದರೆ ಐದು ದಿನದೊಳಗೆ ಡಾಕ್ಟರ ಹತ್ತಿರ ವಂಕಿ, ಅಂದರೆ ಕಾಪರ್-ಟಿ, ಹಾಕಿಸಬಹುದು. ಮಾತ್ರೆ ಬಸಿರು ನಿಲ್ಲದ ಹಾಗೆ ತಡೆಯುತ್ತದೆ, ಆಗಲೇ ನಿಂತಿದ್ದನ್ನು ತೆಗೆಯುವುದಿಲ್ಲ. ಎರಡು ಗಂಟೆಯೊಳಗೆ ವಾಂತಿಯಾದರೆ ಇನ್ನೊಂದು ನುಂಗಬೇಕು. ಪೂರ್ತಿ ಗ್ಯಾರಂಟಿ ಇಲ್ಲ. ಮುಟ್ಟು ವಾರ ತಡವಾದರೆ ಪರೀಕ್ಷೆ.

"ಮಗೀಗೆ ಹಾಲು?" ಅಂದಳು ಮಂಜುಳ.

"ಕುಡ್ಸವ್ವ, ಏನಾಗಲ್ಲ."

ಅಲ್ಲೇ ನುಂಗಿಸಿ ಕರೆತಂದೆ. ಆಮೇಲೆ ಕಾಯುವುದೇ ಕಷ್ಟವಾಯಿತು. ಅವಳು ಬಚ್ಚಲಿಂದ ಬಂದಾಗಲೆಲ್ಲ ಮುಖ ನೋಡುತ್ತಿದ್ದೆ. ಮಗ ಮಾತ್ರ, "ನಿಂಗ್ಯಾಕವ್ವ ಇದೆಲ್ಲ?" ಅಂದ.

"ಅರ್ಕಂಡೋನು ನೀನು, ಬಸ್ಸಲ್ಲಿ ಕುಲುಕಾಡ್ದೋಳು ನಾನು. ಬಾಯ್ಮುಚ್ಕಂಡು ಪಾತ್ರೆ ತೊಳಿ." ತೊಳೆದ.

ಒಂದು ಬೆಳಿಗ್ಗೆ ಮಂಜುಳ "ಮುಟ್ಟಾಯ್ತು ಕಣತ್ತೆ" ಅಂದಳು. ಎತ್ತಿಟ್ಟಿದ್ದ ಎಳ್ಳಿಗೆ ಬೆಲ್ಲ ಹಾಕಿ ಕುಟ್ಟಿ ಚಿಗಳಿ ಮಾಡಿ ಎಲ್ಲರೂ ತಿಂದೆವು. ತಿನ್ನುವುದಕ್ಕೆ ಎಳ್ಳು ಬಲು ರುಚಿ. ಆಮೇಲೆ ಅವಳು ವಂಕಿಯನ್ನೂ ಹಾಕಿಸಿಕೊಂಡಳು.

ಪಕ್ಕದ ಮನೆಯ ಎಳ್ಳು ಈಗ ಸೀಯುತ್ತಿದೆ. ಬರೆಯುವುದು ಬಿಟ್ಟು ಹಿತ್ತಿಲ ಗೋಡೆಗೆ ಹೋದೆ.

"ಯಾಕ್ ಕೂಸೇ, ಎಳ್ಳು?"

"ಸುಮ್ನೆ ಕಣಜ್ಜಿ."

"ಸುಮ್ನೆ ಯಾರೂ ಎಳ್ಳುರಿಯಲ್ಲ. ಯಾವತ್ತು?"

ಸೌಟಿನ ಸದ್ದು ನಿಂತಿತು. "ನೆನ್ನೆ."

"ಇನ್ನೂ ಟೈಮದೆ. ಒಲೆ ಆರ್ಸು, ಸೀರೆ ಬದ್ಲಾಯ್ಸು."

"ನಮ್ಮತ್ತೆ ಕೇಳುದ್ರೆ?"

"ಅಜ್ಜಿಗೆ ಮಂಡಿ ನೋವಂತೆ, ಆಸ್ಪತ್ರೆಗೆ ಕರ್ಕಂಡೋಯ್ತೀನಿ ಅನ್ನು."