ಪೊರಕೆ ಕೋಣೆ

ತಿಮ್ಮೇನಪಲ್ಲಿಯ ದೊಡ್ಡಯ್ಯನ ಮನೆ ನೋಡಲು ಬಂದವರು ಮೊದಲು ನೋಡಬೇಕಾದದ್ದು ಅಂಜಿನಮ್ಮನನ್ನು. ಬೀಗದ ಕೈಗೊಂಚಲು ಅವಳ ಸೊಂಟದಲ್ಲಿರುತ್ತದೆ. ಅವಳು ಬಂದವರನ್ನು ಮೇಲಿಂದ ಕೆಳಗೆ ಒಮ್ಮೆ ಅಳೆದು, "ಚಪ್ಪಲಿ ಅಲ್ಲಿ ಬಿಡಿ" ಎನ್ನುವ ತನಕ ಎಂಥ ದೊಡ್ಡ ಅಧಿಕಾರಿಯೂ ಹೊಸಿಲು ದಾಟುವಂತಿಲ್ಲ. ಒಮ್ಮೆ ಒಬ್ಬರು ಬೂಟಿನ ಲೇಸು ಬಿಚ್ಚಲು ಬೇಸರಪಟ್ಟು ಹೊರಗಿನಿಂದಲೇ ಕೈಮುಗಿದು ಹೋದರಂತೆ. ಅಂಜಿನಮ್ಮನಿಗೆ ಅದರಿಂದ ಏನೂ ನಷ್ಟವಾಗಲಿಲ್ಲ.

ತಮಿಳುನಾಡಿನ ಹೊಸೂರಿನಿಂದ ಟೌನ್ ಬಸ್ಸಿನಲ್ಲಿ ಮುಕ್ಕಾಲು ಗಂಟೆಯ ದಾರಿಯ ಈ ಹೆಂಚಿನ ಮನೆಯಲ್ಲಿ, ಮುಂದೆ ದೇಶಕ್ಕೇ ನಾಯಕರಾದ ಒಬ್ಬರು ಹುಟ್ಟಿದರು. ಅವರ ಪೂರ್ತಿ ಹೆಸರು, ಬಿರುದುಗಳ ಸಮೇತ, ಗೋಡೆಯ ಫಲಕದಲ್ಲಿದೆ. ಊರಿನವರ ಬಾಯಲ್ಲಿ ಮಾತ್ರ ಅವರು ದೊಡ್ಡಯ್ಯ. ಸರ್ಕಾರ ಮನೆಯನ್ನು ಸ್ಮಾರಕ ಮಾಡಿ ಇಪ್ಪತ್ತೆರಡು ವರ್ಷವಾಯಿತು. ಅಂಜಿನಮ್ಮ ಅಲ್ಲಿ ಪೊರಕೆ ಹಿಡಿದೂ ಅಷ್ಟೇ ವರ್ಷ. ಗುಡಿಸುವ ಕೆಲಸಕ್ಕೆಂದು ಸೇರಿದವಳು, ಕತೆ ಹೇಳುವವರು ಬೇರೆ ಯಾರೂ ಇಲ್ಲದ್ದರಿಂದ ಅದನ್ನೂ ತಾನೇ ವಹಿಸಿಕೊಂಡಳು. ಶಾಲೆಯ ಮೇಷ್ಟರುಗಳಿಗೆ ತಮಿಳಿನಲ್ಲಿ, ಕುಪ್ಪಂ ಕಡೆಯವರಿಗೆ ತೆಲುಗಿನಲ್ಲಿ, ಬೆಂಗಳೂರಿನವರಿಗೆ ಕನ್ನಡದಲ್ಲಿ ಹೇಳುತ್ತಾಳೆ. ತಮಿಳಿನ ದೊಡ್ಡಯ್ಯ ಬಹಳ ಶಿಸ್ತಿನ ಬಾಲಕ. ತೆಲುಗಿನಲ್ಲಿ ಅವನು ಒಂದು ಸಲ ಪಕ್ಕದ ಮನೆಯ ಮಾವಿನಕಾಯಿ ಕದ್ದಿದ್ದಾನೆ. ಕನ್ನಡದಲ್ಲಿ ಹೇಳುವಾಗ ಅವಳಿಗೆ ಹೊತ್ತು ಹೋದದ್ದೇ ತಿಳಿಯುವುದಿಲ್ಲವಾದ್ದರಿಂದ ಅವನು ಬಾವಿಗೂ ಬಿದ್ದು ಎದ್ದು ಬರುತ್ತಾನೆ.

ನಡುಮನೆಯಲ್ಲಿ ಒಂದು ಜಾಗಕ್ಕೆ ಕೆಂಪು ಹಗ್ಗ ಕಟ್ಟಿದ್ದಾರೆ. ಹಗ್ಗದೊಳಗೆ ಒಂದು ಮರದ ತೊಟ್ಟಿಲು, ಒಂದು ಭಾವಚಿತ್ರ, 'ಇಲ್ಲಿ ಜನಿಸಿದರು' ಎಂಬ ಹಿತ್ತಾಳೆಯ ತಗಡು. ತೊಟ್ಟಿಲು ದೊಡ್ಡಯ್ಯನದಲ್ಲ, ಸ್ಮಾರಕ ತೆರೆಯುವ ಹಿಂದಿನ ದಿನ ಲಾರಿಯಲ್ಲಿ ಬಂದಿಳಿದದ್ದು. ಜನ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಅಂಜಿನಮ್ಮ ದಿನವೂ ತಗಡನ್ನು ಹುಣಸೆಹಣ್ಣು ಹಾಕಿ ಉಜ್ಜುತ್ತಾಳೆ, ಅದು ಫಳಫಳ ಹೊಳೆಯುತ್ತದೆ.

ದೊಡ್ಡಯ್ಯ ಅಲ್ಲಿ ಹುಟ್ಟಲಿಲ್ಲವೆಂದು ಅವಳಿಗೆ ಗೊತ್ತು.

ಹುಟ್ಟಿದ್ದು ಹಿಂದಿನ ಕೋಣೆಯಲ್ಲಿ, ಕೊಟ್ಟಿಗೆಗೆ ಅಂಟಿಕೊಂಡ ಕತ್ತಲ ಕೋಣೆಯಲ್ಲಿ. ಈಗ ಅಲ್ಲಿ ಪೊರಕೆ, ಬಕೆಟ್ಟು, ಫಿನಾಯಿಲ್ ಡಬ್ಬಗಳಿವೆ. ಅಂಜಿನಮ್ಮನ ಅಜ್ಜಿ ಚಿಕ್ಕತಾಯಮ್ಮ ಸೂಲಗಿತ್ತಿಯಾಗಿದ್ದವಳು. ಅವಳ ಅತ್ತೆಯೂ ಅದೇ ಕೆಲಸದವಳು, ಅತ್ತೆಯ ಅತ್ತೆಯೂ. ಆ ಅತ್ತೆಯ ಅತ್ತೆಯ ಕೈಗೇ ದೊಡ್ಡಯ್ಯ ಬಿದ್ದದ್ದು. ಸ್ಮಾರಕದವರು ನಡುಮನೆಗೆ ಹಗ್ಗ ಕಟ್ಟಿದಾಗ ಚಿಕ್ಕತಾಯಮ್ಮ ಇನ್ನೂ ಬದುಕಿದ್ದಳು. ಜಗಲಿಯ ಮೇಲೆ ಕೂತು ಎಲೆ ಅಡಿಕೆ ಜಗಿಯುತ್ತಾ, "ಕಟ್ಕೊಳ್ಲಿ ಬುಡು. ಅವ್ರಿಗೆ ನಡುಮನೆ, ನಮಗೆ ಹಿಂದ್ಗಡೇದು" ಎಂದು ನಕ್ಕಿದ್ದಳು.

ನಮಗೆ ಅಂದರೆ ಊರಿನ ಹೆಂಗಸರಿಗೆ. ದೊಡ್ಡಯ್ಯ ದೆಹಲಿಯಲ್ಲಿ ಏನು ಮಾಡಿದರೋ ಅವರಿಗೆ ಅಷ್ಟು ಗೊತ್ತಿಲ್ಲ. ಆ ಕೋಣೆಯಲ್ಲಿ ಮೂರು ದಿನ ನೋವು ತಿಂದ ಒಬ್ಬ ತಾಯಿಯೂ ಅವಳ ಕೂಸೂ ಇಬ್ಬರೂ ಉಳಿದರು ಎನ್ನುವುದು ಗೊತ್ತು. ಅದಕ್ಕೇ ಒಂಬತ್ತು ತುಂಬಿದ ಬಸುರಿಯನ್ನು ಒಂದು ಬೆಳಿಗ್ಗೆ ಕರೆತಂದು ಅಲ್ಲಿ ಕೂರಿಸುತ್ತಾರೆ. ಪೂಜೆಯಿಲ್ಲ, ಹರಕೆಯಿಲ್ಲ. ಗೋಡೆಗೆ ಬೆನ್ನು ಕೊಟ್ಟು, ಎಲೆ ಅಡಿಕೆ ಹಾಕಿ ಮುಗಿಯುವಷ್ಟು ಹೊತ್ತು ಸುಮ್ಮನೆ ಕೂರುವುದು. ಏಳುವಾಗ ತಗ್ಗು ತೊಲೆಯಲ್ಲಿರುವ ಕಬ್ಬಿಣದ ಬಳೆಯನ್ನು ಒಮ್ಮೆ ಹಿಡಿಯುವುದು. ನೋವು ಬಂದಾಗ ಹಿಡಿದುಕೊಳ್ಳಲು ಹಗ್ಗ ಕಟ್ಟುತ್ತಿದ್ದ ಬಳೆ ಅದು. ಆಮೇಲೆ ಅಂಜಿನಮ್ಮ ಒಂದು ಲೋಟ ಬಿಸಿ ಜೀರಿಗೆ ನೀರು ಕೊಡುತ್ತಾಳೆ, ಅಷ್ಟೇ. ಸ್ಕ್ಯಾನು, ಇಂಜೆಕ್ಷನ್ನು, ಆಂಬುಲೆನ್ಸು ಎಲ್ಲ ಅದರ ಪಾಡಿಗೆ ಅದು, ಇದರ ಪಾಡಿಗೆ ಇದು.

ಅಂಜಿನಮ್ಮನೂ ಅಲ್ಲಿ ಕೂತವಳೇ. ಆಗ ದೊಡ್ಡಯ್ಯನ ಮನೆಯವರೆಲ್ಲ ಮದರಾಸಿಗೆ ಹೋಗಿ ಹೆಂಚು ಸೋರುತ್ತಿತ್ತು. ಹೆರಿಗೆಯ ಹೆದರಿಕೆಯಿಂದ ಮೂರು ರಾತ್ರಿ ಕಣ್ಣು ಮುಚ್ಚಿರಲಿಲ್ಲ, ಕೋಣೆಯಲ್ಲಿ ಕೂತವಳು ಅಲ್ಲೇ ನಿದ್ದೆ ಹೋದಳು. ಅಜ್ಜಿ ಎಬ್ಬಿಸದೆ ಪಕ್ಕದಲ್ಲಿ ಕಾದಳು. ನಾಲ್ಕನೇ ದಿನ ಮಾಲಿನಿ ಹುಟ್ಟಿದಳು. ಸೂಲಗಿತ್ತಿ ಕೆಲಸ ಆಸ್ಪತ್ರೆಗೆ ಹೋಗಿ, ಅಂಜಿನಮ್ಮನ ಪಾಲಿಗೆ ಬಂದದ್ದು ಈ ಕೋಣೆ ಮಾತ್ರ. ಅದು ಸಾಕು ಎಂದೇ ಅವಳ ಲೆಕ್ಕ.

ಇಂಥ ಕೋಣೆಗೆ ಕುತ್ತು ತಂದವಳೂ ಅವಳೇ. ದೂರದ ಊರುಗಳಿಂದ ಬಸ್ಸಿನಲ್ಲಿ ಬರುವ ಶಾಲೆಯ ಹುಡುಗಿಯರು, ಇಲ್ಲಿ ಶೌಚಾಲಯವಿಲ್ಲವೆಂದು ತಿಳಿದು ನೀರನ್ನೇ ಕುಡಿಯದೆ ಕೂರುವುದನ್ನು ನೋಡಿ ಅವಳಿಗೆ ಸಾಕಾಗಿತ್ತು. ಮಾಲಿನಿಯ ಕೈಲಿ ತಮಿಳಿನಲ್ಲಿ ಅರ್ಜಿ ಬರೆಸಿ ಕಳಿಸಿದಳು. ಉತ್ತರ ಬರಲಿಲ್ಲ. ಮತ್ತೆ ಬರೆಸಿದಳು. ಒಂಬತ್ತನೇ ಅರ್ಜಿಗೆ ಕೃಷ್ಣಗಿರಿಯಿಂದ ಉಮಾಶಂಕರ್ ಎಂಬ ಇಂಜಿನಿಯರ್ ಟೇಪು ಹಿಡಿದು ಬಂದ. ಒಳ್ಳೆಯ ಹುಡುಗ. ಹೇಳುವ ಮೊದಲೇ ಚಪ್ಪಲಿ ಬಿಟ್ಟಿದ್ದ.

"ಅಮ್ಮಾ, ನೀರು ಹೊರಗೆ ಹೋಗೋಕೆ ಎಲ್ಲಾದ್ರೂ ಹಳೇ ದಾರಿ ಇದೆಯಾ?" ಎಂದು ಅವನು ಕೇಳಿದ.

ಮನೆಯ ಸಂದುಗೊಂದು ತನಗಿಂತ ಬಲ್ಲವರಿಲ್ಲವೆಂಬ ಹೆಮ್ಮೆ ಅಂಜಿನಮ್ಮನಿಗೆ. "ಐಯ್, ಯಾಕಿಲ್ಲ ಸಾರ್? ಬನ್ನಿ ತೋರಿಸ್ತೀನಿ" ಎಂದು ಸೀದಾ ಹಿಂದಿನ ಕೋಣೆಗೆ ಕರೆದೊಯ್ದು, ಬಕೆಟ್ಟು ಸರಿಸಿ, ಮೂಲೆಯ ಕಲ್ಲಿನ ಬಚ್ಚಲ ಕಂಡಿಯನ್ನು ತೋರಿಸಿದಳು. ಒಂದು ಚೊಂಬು ನೀರು ಹುಯ್ದು ಅದು ಗೋಡೆಯಾಚೆ ಹರಿದು ಹೋಗುವುದನ್ನೂ ತೋರಿಸಿದಳು. ಉಮಾಶಂಕರ್ ಬಹಳ ಖುಷಿಯಾಗಿ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಎರಡು ಚೌಕ ಬರೆದ. "ಇಲ್ಲೇ ಎರಡು ಟಾಯ್ಲೆಟ್ ಕಟ್ಟಿಬಿಡೋಣ. ನಿಮ್ಮ ಅರ್ಜಿ ಗೆದ್ದಿತು ನೋಡಿ."

ಅಂಜಿನಮ್ಮ ಚೊಂಬು ಹಿಡಿದು ಹಾಗೇ ನಿಂತಳು.

ಅವತ್ತು ಅವಳು ಮನೆಗೆ ಬಂದು ಊಟಕ್ಕೆ ಕೂರಲಿಲ್ಲ. ಗಂಡ ರಾಮಯ್ಯ ಮೂಕಂಡಪಲ್ಲಿಯ ಕಾರ್ಖಾನೆಯೊಂದರಲ್ಲಿ ಕಾವಲುಗಾರನಾಗಿದ್ದು, ಈಗ ಎಲೆಕೋಸು ಬೆಳೆಯುತ್ತಾನೆ. ಅವನಿಗೆ ಜಗತ್ತಿನ ಯಾವ ತೊಂದರೆಯೂ ದೊಡ್ಡದಲ್ಲ.

"ಇರೋದ್ನ ಇರೋ ಹಂಗೆ ಹೇಳ್ಬುಡೆ. ದೊಡ್ಡಯ್ಯ ಹುಟ್ಟಿದ್ದು ಇಲ್ಲೇ ಅಂದ್ರೆ ಯಾವನ್ ಕಟ್ತಾನೆ ಕಕ್ಕಸು?" ಎಂದ ಅವನು.

"ಹೇಳಿದ್ರೆ ಆ ಹಗ್ಗ ತಂದು ಇಲ್ಲಿಗ್ ಕಟ್ತಾರೆ ಕಣಯ್ಯಾ. ಗಾಜು ಇಕ್ತಾರೆ. ಮುಟ್ಬ್ಯಾಡಿ ಅಂತ ಬೋರ್ಡ್ ಹಾಕ್ತಾರೆ. ಆಮ್ಯಾಕೆ ಬಸುರಿ ಹೆಂಗಸ್ರು ಎಲ್ಲಿ ಕೂರ್ಬೇಕು, ಆ ತೊಟ್ಲಲ್ಲಾ?"

ಹೇಳಿದರೆ ಕೋಣೆ ಸರ್ಕಾರದ ಪಾಲು, ಹೇಳದಿದ್ದರೆ ಕಕ್ಕಸಿನ ಪಾಲು. ಎರಡರಲ್ಲಿ ಯಾವುದಾದರೂ ಹೆಂಗಸರಿಗೆ ಮಾತ್ರ ಉಳಿಯುವುದಿಲ್ಲ.

ಹಾಗಾಗಿ ಅಂಜಿನಮ್ಮ ಮೊದಲು ಸುಳ್ಳಿನ ದಾರಿ ಹಿಡಿದಳು. ಮುಂದಿನ ವಾರ ಉಮಾಶಂಕರ್ ಮೇಸ್ತ್ರಿಯ ಜೊತೆ ಬಂದಾಗ, "ಕೋಣೇಲಿ ನಾಗರಾವು ಸೇರ್ಕಂಡೈತೆ ಸಾರ್" ಎಂದಳು. ಅವನು ಹೆದರಿ ಓಡಿಹೋಗುತ್ತಾನೆಂದು ಅವಳ ಎಣಿಕೆ. ಅವನು ಹೊಸೂರಿನಿಂದ ಹಾವು ಹಿಡಿಯುವವನನ್ನೇ ಕರೆಸಿಬಿಟ್ಟ. ಆ ಮನುಷ್ಯ ಒಂದು ಗಂಟೆ ಹುಡುಕಿ, ಒಂದು ಕಪ್ಪೆಯನ್ನು ಹಿಡಿದು, ಅಂಜಿನಮ್ಮನ ಮುಖಕ್ಕೇ ತೋರಿಸಿ ಹೊರಗೆ ಬಿಟ್ಟ. ಮೇಸ್ತ್ರಿ ಬಾಯಿಗೆ ಟವೆಲ್ಲು ಅಡ್ಡ ಹಿಡಿದು ನಕ್ಕ. ಸುಳ್ಳು ಹೇಳಿ ಅಭ್ಯಾಸವಿಲ್ಲದವರ ಪಾಡು ಹೀಗೇ ಆಗುವುದು. ಮಾವಿನಕಾಯಿ, ಬಾವಿಯ ಮಾತು ಬೇರೆ, ಅವು ಕತೆಗಳು.

ಮೇಸ್ತ್ರಿ ಹಾರೆ ಎತ್ತಿಕೊಂಡ. ಅಂಜಿನಮ್ಮನಿಗೆ ಇನ್ನು ತಡೆಯಲಾಗಲಿಲ್ಲ, ಬಾಗಿಲಿಗೆ ಅಡ್ಡ ನಿಂತಳು.

"ಸಾರ್, ಆ ಕಂಡಿ ಯಾಕೈತೆ ಅಂತ ಒಂದು ದಪನಾದ್ರೂ ಕೇಳಿದ್ರಾ ನೀವು? ಕೊಟ್ಟಿಗೆ ಪಕ್ಕದ ಕೋಣೆಗೆ ಬಚ್ಚಲ ಕಂಡಿ ಯಾಕ್ ಬೇಕು? ದನ ಎಣ್ಣೆ ನೀರು ಹಾಕ್ಕಂತಾವಾ?"

ಉಮಾಶಂಕರ್ ಮೇಸ್ತ್ರಿಗೆ ತಡಿ ಎಂದು ಕೈ ಮಾಡಿದ. "ಯಾಕಮ್ಮಾ?"

"ಬಾಣಂತಿಗೆ ಸಾರ್. ಆವಾಗಿನ ಕಾಲ. ಹೆರಿಗೆ ಆದೋಳು ಸೂತಕ ಕಳ್ಯೋಗಂಟ ಒಳಮನೇಗೆ ಕಾಲಿಡಂಗಿಲ್ಲ. ಹೆರೋದಿಲ್ಲೇ, ತಾಯಿಗೂ ಕೂಸ್ಗೂ ನೀರು ಹುಯ್ಯೋದಿಲ್ಲೇ. ನಡುಮನೇಲಿ, ದೇವ್ರ ಮನೆ ಎದ್ರುಗೆ, ಯಾರಾನ ಹೆರ್ತಾರಾ? ಮೇಲೆ ನೋಡಿ. ಆ ಬಳೆ ಯಾತುಕ್ಕೆ ಅಂದ್ಕಂಡ್ರಿ? ಪೊರಕೆ ನೇತಾಕೋಕಾ? ಇಪ್ಪತ್ತೆರಡು ವರ್ಷದಲ್ಲಿ ನಾನು ಅದುಕ್ಕೆ ಒಂದು ದಾರಾನೂ ಕಟ್ಟಿಲ್ಲ."

ಉಮಾಶಂಕರ್ ತಲೆಯೆತ್ತಿದ. ತೊಲೆ ಹೊಗೆಹಿಡಿದು ಕಪ್ಪಾಗಿತ್ತು. ಬಳೆ ಮಾತ್ರ, ಅಷ್ಟು ಜನ ಹಿಡಿದು ಹಿಡಿದು, ನುಣ್ಣಗೆ ಮಿನುಗುತ್ತಿತ್ತು. ಅವನ ತಾಯಿಯ ತವರು ತಳಿ ಎಂಬ ಊರಿನ ಕಡೆಯದು. ಅಲ್ಲಿನ ಅಜ್ಜಿಯ ಮನೆಯಲ್ಲಿ ಕೊಟ್ಟಿಗೆಯ ಪಕ್ಕ ಇಂಥದೇ ಕೋಣೆಯಿತ್ತು, ಮಕ್ಕಳನ್ನು ಅತ್ತ ಬಿಡುತ್ತಿರಲಿಲ್ಲ. ಅವನು ಮೇಸ್ತ್ರಿಯನ್ನು ಟೀ ಕುಡಿದು ಬಾ ಎಂದು ಕಳಿಸಿದ.

"ಅಂದ್ರೆ ಅವರು ಹುಟ್ಟಿದ್ದು ಇಲ್ಲಿ. ಇದು ಸಣ್ಣ ವಿಷಯ ಅಲ್ಲಮ್ಮಾ! ಫಲಕ, ತೊಟ್ಟಿಲು ಎಲ್ಲ ಇಲ್ಲಿಗೆ ಬರಬೇಕು. ನಾನು ಇವತ್ತೇ ಮೇಲಿನವರಿಗೆ ಬರೀತೀನಿ. ಇಷ್ಟು ವರ್ಷ ಯಾಕೆ ಹೇಳಲಿಲ್ಲ ನೀವು?"

"ಇದುಕ್ಕೇ ಹೇಳ್ನಿಲ್ಲ" ಎಂದಳು ಅಂಜಿನಮ್ಮ. ಅವಳಿಗೆ ಅಳು ಬಂದುಬಿಟ್ಟಿತು. ಅಳುತ್ತಲೇ ಎಲ್ಲ ಹೇಳಿದಳು. ಬಸುರಿಯರು ಬರುವುದನ್ನು, ತಾನು ಈ ಗೋಡೆಗೊರಗಿ ನಿದ್ದೆ ಹೋದದ್ದನ್ನು, ಜೀರಿಗೆ ನೀರನ್ನು. "ದೊಡ್ಡಯ್ಯಂಗೆ ನಡುಮನೆ ಐತೆ, ಹಾರ ಐತೆ, ಬುಕ್ಕಲ್ಲಿ ಪಾಠ ಐತೆ. ಅವ್ರ ಅವ್ವ ನೋವು ತಿಂದ ಜಾಗ ಇದೊಂದೇ ಸಾರ್. ಇದ್ನ ಹೆಂಗಸ್ರಿಗೆ ಬುಟ್ಬುಡಿ."

ಉಮಾಶಂಕರ್ ಟೇಪು ಸುತ್ತಿ ಜೇಬಿಗೆ ಹಾಕಿಕೊಂಡ. ಆಮೇಲೆ ಕೇಳಿದ, "ಇದಕ್ಕೆಲ್ಲ ಕಾಗದ ಏನಾದ್ರೂ ಇದೆಯಾ?"

"ಕಾಗ್ದ ಇಲ್ಲ ಸಾರ್. ಬಳೆ ಐತೆ, ಕಂಡಿ ಐತೆ, ನಮ್ಮಜ್ಜಿ ಮಾತೈತೆ."

ಇಂಜಿನಿಯರನ ಮುಖ ನಿಧಾನವಾಗಿ ಅರಳಿತು. "ಕಾಗದ ಇಲ್ಲದ್ದನ್ನ ನಾನು ಬರೆಯೋ ಹಾಗೇ ಇಲ್ಲಮ್ಮಾ. ಬರೆದರೆ ನನ್ನನ್ನೇ ಬೈತಾರೆ." ಸರ್ಕಾರದ ಈ ನಿಯಮ ಒಬ್ಬರಿಗೆ ಇಷ್ಟು ಸಂತೋಷ ಕೊಟ್ಟದ್ದು ಅದೇ ಮೊದಲಿರಬೇಕು. ಅವನು ಗೋಡೆಯ ಸೀಮೆಸುಣ್ಣದ ಚೌಕಗಳನ್ನು ಅಂಗೈಯಲ್ಲಿ ಒರೆಸಿದ. ಆದರೆ ಶೌಚಾಲಯ ಎಲ್ಲಾದರೂ ಆಗಲೇಬೇಕಲ್ಲ. ಹುಣಸೆಮರದ ಮೂಲೆಯಲ್ಲಿ ಜಾಗವೇನೋ ಇದೆ, ಅಲ್ಲಿಂದ ರಸ್ತೆಯ ಚರಂಡಿಯ ತನಕ ಕಾಲುವೆ ತೋಡಬೇಕು, ಆ ಕೆಲಸ ತನ್ನ ಪಟ್ಟಿಯಲ್ಲಿಲ್ಲ ಎಂದ.

"ತೋಡೋದು ನಮಗ್ ಬುಡಿ" ಎಂದಳು ಅಂಜಿನಮ್ಮ, ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತಾ.

ಸೋಮವಾರ ಬೆಳಿಗ್ಗೆ ಹತ್ತೊಂಬತ್ತು ಹೆಂಗಸರು ಗುದ್ದಲಿ, ಮಂಕರಿ ಹಿಡಿದು ಬಂದರು. ಎಲ್ಲರೂ ಆ ಕೋಣೆಯಲ್ಲಿ ಒಂದಲ್ಲ ಒಂದು ದಿನ ಕೂತವರೇ. ಎಪ್ಪತ್ತು ದಾಟಿದ ಶ್ಯಾಮಲಮ್ಮನೂ ಬಂದಳು. ಅವಳಿಂದ ಗುದ್ದಲಿ ಎತ್ತಲಾಗುವುದಿಲ್ಲ, ನೆರಳಿನಲ್ಲಿ ಕೂತು ಎಲ್ಲರ ಕೆಲಸದಲ್ಲೂ ತಪ್ಪು ಹುಡುಕಿದಳು. ಮಣ್ಣು ಗಟ್ಟಿಯಿತ್ತು, ಹುಣಸೆಯ ಬೇರುಗಳು ಗುದ್ದಲಿಗೆ ಅಡ್ಡ ಬಂದವು. ಯಾರಿಗೆ ಎಷ್ಟು ಹೊತ್ತು ನೋವು ಬಂತು, ಯಾರ ಗಂಡ ಆಸ್ಪತ್ರೆಯ ಬಾಗಿಲಲ್ಲಿ ತಲೆ ಸುತ್ತಿ ಬಿದ್ದ ಎಂಬ ಮಾತುಗಳಲ್ಲೇ ಎರಡು ಬೆಳಿಗ್ಗೆಯಲ್ಲಿ ಕಾಲುವೆ ರಸ್ತೆ ಮುಟ್ಟಿತು. ಮೇಸ್ತ್ರಿ ಅಳತೆ ಹಿಡಿದು ನೋಡಿ, ಇಳಿಜಾರು ಸರಿಯಾಗಿದೆ ಎಂದು ಒಪ್ಪಿಕೊಂಡ. ಕಪ್ಪೆಯ ದಿನ ನಕ್ಕವನು ಈಗ "ಅಕ್ಕಾ" ಎಂದು ಕರೆಯತೊಡಗಿದ.

ಎರಡು ತಿಂಗಳಲ್ಲಿ ಶೌಚಾಲಯ ತಯಾರಾಯಿತು. ಮೊದಲ ದಿನ ಬಂದ ಶಾಲೆಯ ಹುಡುಗಿಯರಿಗೆ ಅಂಜಿನಮ್ಮ ಮಾವಿನಕಾಯಿಯ ಕತೆಯನ್ನು ತಮಿಳಿನಲ್ಲೇ ಹೇಳಿದಳು, ಅಷ್ಟು ಖುಷಿ ಅವಳಿಗೆ. ಕೆಲಸ ಮುಗಿಸಿ ಹೊರಡುವ ದಿನ ಉಮಾಶಂಕರ್ ಹಿಂದಿನ ಕೋಣೆಯ ಬಾಗಿಲಿಗೆ ತಾನೇ ನಿಂತು ಒಂದು ಬೋರ್ಡು ಹೊಡೆಸಿದ. ತಮಿಳಿನಲ್ಲೂ ಇಂಗ್ಲಿಷಿನಲ್ಲೂ ಎರಡು ಸಾಲು: ಸಾಮಾನು ಕೊಠಡಿ, ಪ್ರವೇಶವಿಲ್ಲ.

"ಇನ್ನು ಯಾರೂ ಇದನ್ನ ಕೇಳೋಕೆ ಬರಲ್ಲ" ಎಂದ ಅವನು, ಚಪ್ಪಲಿ ಮೆಟ್ಟಿಕೊಳ್ಳುತ್ತಾ.

ಮೊನ್ನೆ ಬೆಳಿಗ್ಗೆ ಮೂಕಂಡಪಲ್ಲಿಯಿಂದ ಇಬ್ಬರು ಬಂದರು. ಕರ್ನಾಟಕದ ಕಡೆಯಿಂದ ಕಾರ್ಖಾನೆ ಕೆಲಸಕ್ಕೆ ಬಂದು ನೆಲೆಸಿದವರು, ಗೋವಿಂದಮ್ಮ ಎಂಬ ಅತ್ತೆ ಮತ್ತು ಒಂಬತ್ತು ತುಂಬಿದ ಸೊಸೆ ಚಂದ್ರಲೇಖಾ. ಯಾರೋ ಬಸ್ಸಿನಲ್ಲಿ ಹೇಳಿದರಂತೆ. ಚಂದ್ರಲೇಖಾ ಕಾಲೂದಿ, ಮುಖ ಬಾಡಿ, ಹೆದರಿಕೆಯಲ್ಲಿ ಸರಿಯಾಗಿ ಮಾತೇ ಆಡುತ್ತಿರಲಿಲ್ಲ. ಅಂಜಿನಮ್ಮ ಅವಳನ್ನು ನಡುಮನೆ ದಾಟಿಸಿ ಹಿಂದಕ್ಕೆ ಕರೆತಂದಳು. ಬಾಗಿಲ ಬಳಿ ಹುಡುಗಿ ಬೋರ್ಡಿನ ಇಂಗ್ಲಿಷ್ ಸಾಲು ಓದಿ ಹಿಂದೆ ಸರಿದಳು.

"ಅಕ್ಕಾ, ಒಳಗೆ ಹೋಗಬಾರದು ಅಂತ ಬರೆದಿದ್ದಾರೆ."

ಅಂಜಿನಮ್ಮ ಸೊಂಟದ ಗೊಂಚಲಿನಿಂದ ಕೀಲಿ ಆರಿಸಿ ಬೀಗ ತೆಗೆದಳು. ನೆಲ ಬೆಳಿಗ್ಗೆಯೇ ಸಾರಿಸಿ ಆರಿತ್ತು.

"ಅದು ನೋಡಕ್ಕೆ ಬರೋರಿಗೆ ಕಣವ್ವ" ಎಂದಳು. "ನೀನು ಕೂರಕ್ಕೆ ಬಂದಿದ್ದೀಯ. ಬಾ."