ಅವ್ವ ಓಡಿಸಿದ ಎರಡು ಕಾರುಗಳು

ಮೊನ್ನೆ ಹೊಲಿಯಲು ಕೊಟ್ಟಿದ್ದ ರವಿಕೆಗಳನ್ನು ತರಲು ಕೊಡಿಗೇಹಳ್ಳಿಗೆ ಹೋಗಿದ್ದೆ. ಟೈಲರು ಇನ್ನೂ ಹುಕ್ಕು ಹಚ್ಚುತ್ತಿದ್ದ. “ಐದೇ ನಿಮಿಷ ಕೂತ್ಕೊಳ್ಳಿ ಮೇಡಂ” ಅಂದ. ಟೈಲರುಗಳ ಐದು ನಿಮಿಷ ಎಷ್ಟು ಉದ್ದವೆಂದು ನಿಮಗೂ ಗೊತ್ತಿರುತ್ತದೆ. ಹೊರಗೆ ಬಂದು ನಿಂತೆ. ಪಕ್ಕದಲ್ಲಿ ತಗಡಿನ ಶೆಡ್ಡಿನ ಒಂದು ಗ್ಯಾರೇಜು. ಅದರ ಬಾಗಿಲಲ್ಲಿ ಬಿಸಿಲಿಗೆ ಮೈಯೊಡ್ಡಿ ಒಂದು ಚಿಕ್ಕ ಬಿಳಿ ಕಾರು ನಿಂತಿತ್ತು. ಮಕ್ಕಳು ಸ್ಕೇಲು ಹಿಡಿದು ಬರೆದ ಚಿತ್ರದ ಹಾಗೆ ಎಲ್ಲ ಮೂಲೆಗಳೂ ಚೌಕ. ಹಿಂದಿನ ಗಾಜನ್ನು ಮೇಲಕ್ಕೆತ್ತಿ ಒಂದು ಕೋಲು ಆನಿಸಿದ್ದರು. ಒಳಗಿನಿಂದ ಕಾದ ರೆಕ್ಸಿನ್ ಸೀಟಿನ ವಾಸನೆ ಬಂತು, ಅದರಲ್ಲಿ ಬೆರೆತ ಒಂದು ಚೂರು ಪೆಟ್ರೋಲು. ನಾನು ರವಿಕೆಯನ್ನೂ ಟೈಲರನ್ನೂ ಮರೆತೆ.

“ಮೊದಲ್ನೇ ಮಾಡೆಲ್ಲು ಮೇಡಂ,” ಎಂದ ಮೆಕ್ಯಾನಿಕ್, ಕೈ ಒರೆಸಿಕೊಳ್ಳುತ್ತ. “ಇದು ಈಗ ಕಣ್ಣಿಗೇ ಬೀಳಲ್ಲ. ಇದಾದ್ಮೇಲೆ ಗುಂಡಗಿರೋದು ಬಂತಲ್ಲ, ಎಲ್ರಿಗೂ ಅದೇ ಗೊತ್ತು.”

ನನಗೆ ಎರಡೂ ಗೊತ್ತು. ಕಾರಿನ ಹೆಸರು ಹೇಳುವ ಅಗತ್ಯವಿಲ್ಲ, ನೀವು ಆಗಲೇ ಊಹಿಸಿದ್ದೀರಿ. ನಮ್ಮ ಮನೆಯಲ್ಲಿ ಅದನ್ನು ಹೆಸರು ಹಿಡಿದು ಯಾರೂ ಕರೆಯುತ್ತಿರಲಿಲ್ಲ. “ಸಣ್ಣದು” ಎನ್ನುತ್ತಿದ್ದೆವು, ಮನೆಯ ಕೊನೆಯ ಮಗುವಿಗೆ ಅನ್ನುವ ಹಾಗೆ.

ಅಪ್ಪ ಗದಗಿನ ಕಡೆಯವನು. ಎಪ್ಪತ್ತರ ದಶಕದಲ್ಲಿ ಯಶವಂತಪುರದ ಒಂದು ಕಾರ್ಖಾನೆಯ ಸ್ಟೋರ್ಸಿನಲ್ಲಿ ಕೆಲಸಕ್ಕಿದ್ದ. ನಮ್ಮ ಬಳಿ ಇದ್ದದ್ದು ಸ್ಕೂಟರು. ನಾನು ಮುಂದೆ ನಿಲ್ಲುತ್ತಿದ್ದೆ, ಅವ್ವ ಹಿಂದೆ ಒಂದು ಪಕ್ಕಕ್ಕೆ ಕಾಲು ಇಳಿಬಿಟ್ಟು ಕೂರುತ್ತಿದ್ದಳು. ಆಗ ಊರಲ್ಲಿ ಕಾರು ಎಂದರೆ ಒಂದೆರಡು ಜಾತಿ. ಅವುಗಳ ಮುಖ ನಾನು ಹುಟ್ಟುವ ಮೊದಲು ಹೇಗಿತ್ತೋ ನಾನು ಹೈಸ್ಕೂಲು ಮುಗಿಸುವಾಗಲೂ ಹಾಗೇ ಇತ್ತು. ಸಂಸಾರಸ್ಥರು ಕೊಳ್ಳಬಹುದಾದ ಸಣ್ಣ ಕಾರೊಂದು ಬರುತ್ತದೆ, ಇಂದು ಬರುತ್ತದೆ, ನಾಳೆ ಬರುತ್ತದೆ ಎಂದು ಪತ್ರಿಕೆಗಳಲ್ಲಿ ಬರುತ್ತಲೇ ಇತ್ತು. ಅಪ್ಪ ಆ ಸುದ್ದಿಗಳನ್ನು ಕತ್ತರಿಸಿ ಕಪಾಟಿನ ಸೀರೆಗಳ ಕೆಳಗೆ ಇಡುತ್ತಿದ್ದ. ಸೀರೆ ತೆಗೆಯುವಾಗಲೆಲ್ಲ ಅವು ನೆಲಕ್ಕೆ ಉದುರುತ್ತಿದ್ದವು.

“ನಿಮ್ಮ ಕಾರು ಕಾಗದದ ಮ್ಯಾಲ ಭಾಳ ಓಡೇತಿ ನೋಡ್ರಿ,” ಎನ್ನುತ್ತಿದ್ದಳು ಅವ್ವ, ಆಯ್ದು ಮತ್ತೆ ಅಲ್ಲೇ ಇಡುತ್ತ.

ಎಂಬತ್ತರ ದಶಕದಲ್ಲಿ ಕಾರು ನಿಜವಾಗಿಯೂ ಬಂತು. ಅಷ್ಟು ಹೊತ್ತಿಗೆ ನಾವು ಆರ್.ಟಿ. ನಗರದ ಬಾಡಿಗೆ ಮನೆಗೆ ಬಂದಿದ್ದೆವು, ನಾನು ಕಾಲೇಜಿನಲ್ಲಿ ಫಿಸಿಕ್ಸು ಓದುತ್ತಿದ್ದೆ. ಅಪ್ಪ ಹೆಸರು ಬರೆಸಿ, ಸರದಿಗಾಗಿ ಕಾದು, ಕೊನೆಗೊಂದು ದಿನ ಬಿಳಿಯ ಚೌಕದ ಕಾರನ್ನು ತಾನೇ ಓಡಿಸಿಕೊಂಡು ಬಂದ. ಅವ್ವ ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟಳು. ಬೀದಿಯವರೆಲ್ಲ ಬಂದು ಬಾಗಿಲನ್ನು ಬೆರಳಿನಿಂದ ತಟ್ಟಿ ನೋಡಿದರು. “ಏನ್ ಸಾರ್, ಇದಕ್ಕೆ ಕೀ ಕೊಡ್ಬೇಕಾ?” ಎಂದು ಎದುರು ಮನೆಯವರು ನಕ್ಕರು. ಅಪ್ಪನೂ ನಕ್ಕ. ಅವನು ಅಷ್ಟು ಧಾರಾಳವಾಗಿ ನಕ್ಕದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಪ್ರತಿ ಭಾನುವಾರ ಬೆಳಿಗ್ಗೆ ಬಳ್ಳಾರಿ ರಸ್ತೆಯಲ್ಲಿ ಯಲಹಂಕದವರೆಗೆ ಹೋಗಿ ಬರುವುದು ಅಭ್ಯಾಸವಾಯಿತು. ಹೆಬ್ಬಾಳದ ಕೆರೆ ದಾಟಿದರೆ ಊರು ಮುಗಿಯಿತು. ಆಮೇಲೆ ದ್ರಾಕ್ಷಿ ತೋಟ, ರಾಗಿ ಹೊಲ, ಎರಡೂ ಬದಿಯ ದೊಡ್ಡ ಮರಗಳು ಮೇಲೆ ಕೈಕೈ ಹಿಡಿದುಕೊಂಡ ನೆರಳು. ಜಕ್ಕೂರಿನ ಬಯಲಿನಿಂದ ಪುಟ್ಟ ವಿಮಾನವೊಂದು ನಿದ್ದೆಗಣ್ಣಲ್ಲಿ ಎದ್ದಂತೆ ಏಳುತ್ತಿತ್ತು. ಹಿಂದಿನ ಸೀಟಿನಲ್ಲಿ ಅಡ್ಡಾದ ನನಗೆ ಕಾಣುತ್ತಿದ್ದದ್ದು ಎಲೆ, ಆಕಾಶ, ಮತ್ತೆ ಎಲೆ. ಮುಂದಿನಿಂದ ಅವ್ವನ ಸಣ್ಣ ದನಿ ನಿಲ್ಲದೆ ಕೇಳುತ್ತಿತ್ತು. “ಎಡಕ ಸೈಕಲ್ಲು ಐತ್ರಿ... ಬಲಕ ಎತ್ತಿನಗಾಡಿ... ಆಕಳ ನಿಂತೇತಿ, ಸಾವಕಾಶ.” ಕಾರಿಗೆ ಹೆದರಿ ಹೀಗೆ ಗೊಣಗುತ್ತಾಳೆಂದು ನಾನು ತಿಳಿದಿದ್ದೆ, ಒಳಗೊಳಗೇ ನಗುತ್ತಲೂ ಇದ್ದೆ. ಫಿಸಿಕ್ಸಿನಲ್ಲಿ ಬೆಳಕಿನ ಪಾಠ ಓದುತ್ತಿದ್ದವಳಿಗೆ ಮುಂದೆ ಕೂತ ಅಪ್ಪನ ಕಣ್ಣಿಗೆ ಏನಾಗಿದೆಯೆಂದು ತಿಳಿಯಲಿಲ್ಲ.

ಅಂಥ ಒಂದು ಭಾನುವಾರ ಕೊಡಿಗೇಹಳ್ಳಿ ಗೇಟಿನ ಹತ್ತಿರ ಅವ್ವ ಒಂದು ಕ್ಷಣ ಕಾಲ ಬಳಿಯಿದ್ದ ತಿಂಡಿಯ ಬುಟ್ಟಿಯ ಕಡೆ ಬಗ್ಗಿದಳು. ಅಷ್ಟರಲ್ಲಿ ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತ ಹೆಂಗಸೊಬ್ಬಳು ಎಡಗಡೆಯಿಂದ ರಸ್ತೆಗೆ ಇಳಿದಳು. ಅವ್ವ ಚೀರಿದಳು. ಕಾರು ಕಿರುಚಿ ನಿಂತಿತು. ಹೊರೆ ಬಾನೆಟ್ಟಿನ ಮೇಲೆ ಬಿದ್ದು ಗಾಜಿನ ತುಂಬ ಹಸಿರು ಹರಡಿತು. ಹೆಂಗಸಿಗೆ ಏನೂ ಆಗಿರಲಿಲ್ಲ. ಆದರೆ ಅವಳು ಸುಮ್ಮನಿರುವವಳಾಗಿರಲಿಲ್ಲ.

“ಕಣ್ ಕಾಣಾಕಿಲ್ವಾ ಸ್ವಾಮಿ ನಿಮ್ಗೆ? ಇಂಗಾ ಗಾಡಿ ಓಡ್ಸೋದು?”

ಅಪ್ಪ ಬಾಗಿಲು ತೆರೆದು ಇಳಿದ. ಅವಳ ಎದುರು ನಿಂತು, ಶಾಲೆಯಲ್ಲಿ ಹೆಸರು ಕೂಗಿದಾಗ ಉತ್ತರ ಕೊಡುವವನಂತೆ ಹೇಳಿದ: “ಇಲ್ಲವ್ವ. ಕಾಣಂಗಿಲ್ಲ.”

ಬೈಯಲು ಎತ್ತಿದ್ದ ಅವಳ ಕೈ ಗಾಳಿಯಲ್ಲೇ ಉಳಿಯಿತು. ನಾನು ಅವ್ವನ ಮುಖ ನೋಡಿದೆ. ಅಲ್ಲಿ ಆಶ್ಚರ್ಯವಿರಲಿಲ್ಲ.

ಅಪ್ಪನಿಗೆ ಗ್ಲಾಕೋಮಾ. ಕಣ್ಣಿನೊಳಗಿನ ಒತ್ತಡ ಹೆಚ್ಚಿ ನೋಟ ಅಂಚುಗಳಿಂದ ಮುಚ್ಚಿಕೊಳ್ಳುತ್ತ ಬರುವ ಕಾಯಿಲೆ. ಎದುರಿಗಿನದು ಕೊಳವೆಯಲ್ಲಿ ನೋಡಿದಂತೆ ಕಾಣುತ್ತಿತ್ತು, ಪಕ್ಕದ್ದು ಇಲ್ಲ. ಕಾರಿನ ಸರದಿಗೆ ಕಾಯುತ್ತಿದ್ದಾಗಲೇ ಅವನಿಗೆ ಗೊತ್ತಾಗಿತ್ತು, ಹೇಳಿರಲಿಲ್ಲ. ಅವ್ವನಿಗೆ ಅವನು ಹೇಳದೆಯೇ ಗೊತ್ತಾಗಿತ್ತು, ಅವಳೂ ಹೇಳಿರಲಿಲ್ಲ. ಅಷ್ಟು ವರ್ಷ ಬಯಸಿದ್ದನ್ನು ನಾಲ್ಕು ದಿನ ಓಡಿಸಲಿ, ಪಕ್ಕದ್ದನ್ನು ತಾನು ನೋಡಿದರಾಯಿತು ಎಂದುಕೊಂಡಿದ್ದಳಂತೆ. ಅದು ತಪ್ಪು ಎಂದು ಅವಳಿಗೆ ಅರ್ಥವಾಗಲು ಒಂದು ಹುಲ್ಲಿನ ಹೊರೆ ಬೀಳಬೇಕಾಯಿತು. ಆ ಹೆಂಗಸಿನ ಕೈ ಹಿಡಿದು ಅವಳು ಎಷ್ಟೋ ಹೊತ್ತು ಅತ್ತಳು. ಹೆಂಗಸೇ ಸಮಾಧಾನ ಹೇಳಿ, ಹತ್ತಿರದಲ್ಲೇ ಇದ್ದ ಸತ್ತಾರ್ ಸಾಬರ ರಿಪೇರಿ ಶೆಡ್ಡನ್ನು ತೋರಿಸಿದಳು. ಅವರು ಟ್ರ್ಯಾಕ್ಟರು, ಲಾರಿ ರಿಪೇರಿ ಮಾಡುತ್ತಿದ್ದ ಹಿರಿಯರು. ನಮ್ಮ ಕಾರನ್ನು ಮನೆಯವರೆಗೆ ಅವರೇ ಓಡಿಸಿದರು. ಅಪ್ಪ ಮೊದಲ ಸಲ ಹಿಂದೆ ನನ್ನ ಪಕ್ಕ ಕೂತ. ಅವನ ಕೈಗಳು ತೊಡೆಯ ಮೇಲೆ ಏನೂ ಕೆಲಸವಿಲ್ಲದೆ ಬಿದ್ದಿದ್ದವು.

“ಇದನ್ನ ಮಾರಿಬಿಡೂಣು,” ಎಂದ ಮನೆಯ ಮುಂದೆ ಇಳಿದು.

ಸತ್ತಾರ್ ಸಾಬರು ಬೀಗದ ಕೈಯನ್ನು ಅವನಿಗೆ ಕೊಡದೆ ಅವ್ವನ ಕಡೆ ಚಾಚಿದರು. “ಅಮ್ಮಾ, ನೀವು ಕಲೀರಿ. ಲಾರಿ ಅಲ್ಲಮ್ಮ ಇದು. ಎರಡು ಬೆರಳಲ್ಲಿ ಹೇಳಿದ್ರೆ ಕೇಳ್ತದೆ. ಸಾಹೇಬ್ರು ಕೂತು ಹೇಳ್ಕೊಡ್ಲಿ, ನಾನೂ ಜೊತೆಗೆ ಬರ್ತೀನಿ.”

ಅವ್ವ ಅಲ್ಲಿಯವರೆಗೆ ಸೈಕಲ್ಲನ್ನೂ ಮುಟ್ಟಿದವಳಲ್ಲ. ಜೋಳದ ರೊಟ್ಟಿ ಬಡಿಯುವುದರಲ್ಲಿ ಅವಳ ಸಮ ಯಾರೂ ಇರಲಿಲ್ಲ, ಆದರೆ ಅದು ಬಳ್ಳಾರಿ ರಸ್ತೆಯಲ್ಲಿ ಉಪಯೋಗಕ್ಕೆ ಬರುತ್ತದೆಂದು ಯಾರಿಗೂ ಅನಿಸಿರಲಿಲ್ಲ. ಮರುವಾರದಿಂದ ಸೈಟು ಮಾಡಿ ಬಿಟ್ಟಿದ್ದ ಒಂದು ಖಾಲಿ ಲೇಔಟಿನಲ್ಲಿ ಪಾಠ ಶುರುವಾಯಿತು. ಮೊದಮೊದಲು ಸತ್ತಾರ್ ಸಾಬರು ಪಕ್ಕದಲ್ಲಿ ಕೂತರು, ಅಪ್ಪ ಹಿಂದೆ. ಕಾರು ಕಪ್ಪೆಯ ಹಾಗೆ ಹಾರುತ್ತಿತ್ತು. ಅಪ್ಪ ಕಣ್ಣು ಮುಚ್ಚಿ ಎಂಜಿನ್ನಿನ ಸದ್ದು ಕೇಳುತ್ತಿದ್ದ. “ಈಗ... ಈಗ ಗೇರು ಹಾಕು. ಅಳಾಕತ್ತೇತಿ ಕೇಳಸಂಗಿಲ್ಲೇನು?” ಕ್ಲಚ್ಚು ಬಿಡುವುದು ಅವಳಿಗೆ ಹತ್ತಲೇ ಇಲ್ಲ. ಒಂದು ದಿನ ಅಪ್ಪ ಹೇಳಿದ: “ರೊಟ್ಟಿ ಹಂಚಿನ ಮ್ಯಾಲ ಹೆಂಗ ಬಿಡ್ತಿ? ಒಮ್ಮೆಲೇ ಒಗೀತಿಯೇನು? ಹಂಗ ಬಿಡು.” ಕಾರು ಒಂದು ಸದ್ದೂ ಮಾಡದೆ ಹೊರಟಿತು. ಸತ್ತಾರ್ ಸಾಬರು ತಿರುಗಿ ಅಪ್ಪನಿಗೆ ಸಲಾಮು ಮಾಡಿದರು. ಕಣ್ಣು ಮುಚ್ಚಿದ್ದ ಅಪ್ಪನಿಗೆ ಅದು ಕಾಣಲಿಲ್ಲ. ನಾನು ಹೇಳಿದೆ.

ಅವ್ವ ಲೈಸೆನ್ಸು ತೆಗೆದುಕೊಂಡಳು. ಕಾರ್ಖಾನೆಯವರು ಅಪ್ಪನನ್ನು ಸ್ಟೋರ್ಸಿನಿಂದ ತೆಗೆದು ಟೆಲಿಫೋನಿನ ಮುಂದೆ ಕೂರಿಸಿದರು. ದಿನಾ ಬೆಳಿಗ್ಗೆ ಅವನನ್ನು ಯಶವಂತಪುರಕ್ಕೆ ಬಿಟ್ಟು, ಸಂಜೆ ಕರೆದುಕೊಂಡು ಬರುವುದು ಅವಳ ಕೆಲಸವಾಯಿತು. ಇಳಕಲ್ ಸೀರೆ, ಹಣೆಯಲ್ಲಿ ಕಾಸಿನಗಲ ಕುಂಕುಮ, ಕೈಯಲ್ಲಿ ಸ್ಟಿಯರಿಂಗು. ಸಿಗ್ನಲಿನಲ್ಲಿ ಬಸ್ಸಿನ ಜನ ಕಿಟಕಿಗೆ ಬಂದು ನೋಡುತ್ತಿದ್ದರು. ನನ್ನ ದೊಡ್ಡಸ್ತಿಕೆಯನ್ನೂ ಹೇಳಿಬಿಡುತ್ತೇನೆ. ಕಾಲೇಜಿಗೆ ಒಂದು ಬೀದಿ ಮೊದಲೇ ನಿಲ್ಲಿಸು ಎಂದು ಅವಳಿಗೆ ಹೇಳುತ್ತಿದ್ದೆ. ಅವಳು ಯಾಕೆಂದು ಕೇಳುತ್ತಿರಲಿಲ್ಲ, ನಿಲ್ಲಿಸುತ್ತಿದ್ದಳು. ನಾನು ಇಂದಿಗೂ ಕಾರು ಓಡಿಸಲು ಕಲಿತಿಲ್ಲ. ಒಮ್ಮೆ ಪ್ರಯತ್ನಿಸಿ ಗಟಾರಕ್ಕೆ ಇಳಿಸಿದೆ, ಅಲ್ಲಿಗೆ ಮುಗಿಯಿತು.

ಕೆಲವು ವರ್ಷ ಹೀಗೆ ಹೋದವು. ಅಷ್ಟರಲ್ಲಿ ಕಾರಿನ ಹೊಸ ರೂಪ ಬಂದಿತ್ತು. ಬೀದಿಯಲ್ಲಿ ಒಂದೊಂದಾಗಿ ಚೌಕದ ಕಾರುಗಳ ನಡುವೆ ಗುಂಡಗಿನವು ಕಾಣತೊಡಗಿದವು. ನಮ್ಮದು ತುಕ್ಕು ಹಿಡಿದು, ಎಂಜಿನ್ನು ಎಲ್ಲರಿಗೂ ಕೇಳುವಷ್ಟು ದೊಡ್ಡ ದನಿಯಲ್ಲಿ ಮಾತಾಡಲು ಕಲಿತಿತ್ತು. ದಶಕ ಮುಗಿಯುವ ಹೊತ್ತಿಗೆ ಅದನ್ನು ಕೊಟ್ಟು ಹೊಸತನ್ನು ತಂದೆವು. ಅಪ್ಪನಿಗೆ ಆಗ ಬೆಳಕು, ಕತ್ತಲೆ ಬಿಟ್ಟರೆ ಏನೂ ತಿಳಿಯುತ್ತಿರಲಿಲ್ಲ. ಮನೆಯ ಮುಂದೆ ನಿಂತ ಕಾರಿನ ಸುತ್ತ ಅವನು ಅಂಗೈಯಾಡಿಸುತ್ತ ಒಂದು ಸುತ್ತು ಬಂದ. ಬಾನೆಟ್ಟು, ದೀಪ, ಕಿಟಕಿಯ ಅಂಚು. ಹಿಂದೆ ಗಾಜಿನ ಬದಲು ಇಡೀ ಬಾಗಿಲೇ ಮೇಲೇಳುವುದನ್ನು ಎರಡು ಸಲ ಎತ್ತಿ ಇಳಿಸಿ ನೋಡಿದ.

“ಮೂಲಿ ಎಲ್ಲಿ ಹೋದುವು?” ಎಂದ. “ಇದು ನಾಕ ದಿನ ಮೈ ತಿಕ್ಕಿದ ಸಾಬೂನ ಆಗೇತಿ.”

ನಾವೆಲ್ಲ ನಕ್ಕೆವು. ಆದರೆ ಭಾನುವಾರ ಯಲಹಂಕದ ಕಡೆ ಹೊರಟಾಗ ಅಪ್ಪ ಮಂಕಾದ. ಸ್ವಲ್ಪ ದೂರ ಹೋದ ಮೇಲೆ ಮೆಲ್ಲಗೆ ಅಂದ: “ಇದರ ದನೀನ ಕೇಳಸಂಗಿಲ್ಲ. ಎಲ್ಲಿ ಅದೀವಿ ಅಂತ ತಿಳೀವಲ್ದು.”

ಹಳೆಯ ಕಾರಿನಲ್ಲಿ ಅವನು ಸದ್ದಿನಿಂದಲೇ ದಾರಿ ಓದುತ್ತಿದ್ದನೆಂದು ನಮಗೆ ಆಗ ತಿಳಿಯಿತು. ಎಲ್ಲಿ ಏರು, ಎಲ್ಲಿ ತಿರುವು, ಎಲ್ಲಿ ಗೇರು ಬದಲು. ಅವ್ವ ಕಾರಿನ ವೇಗ ಇಳಿಸಿದಳು. ಆಮೇಲೆ ಅವಳ ದನಿ ಶುರುವಾಯಿತು. “ಈಗ ಹೆಬ್ಬಾಳ ಕೆರಿ ಬಂತ್ರಿ. ನೀರು ಅರ್ಧ ಐತಿ. ಎರಡು ಬೆಳ್ಳಕ್ಕಿ ಕುಂತಾವು. ಒಂದು ಎದ್ದು ಹೋತು.” ಅಲ್ಲಿಂದ ಪ್ರತಿ ಭಾನುವಾರ ಅವಳು ಹೇಳುತ್ತಿದ್ದಳು, ಅವನು ಸೀಟಿಗೆ ಒರಗಿ ಕೇಳುತ್ತಿದ್ದ. ರಾಗಿ ತೆನೆ ಕಟ್ಟಿದ್ದು, ಜಕ್ಕೂರಿನ ವಿಮಾನ ಯಾವ ಬಣ್ಣದ್ದು, ಮರದ ಕೆಳಗೆ ಕಬ್ಬಿನ ಹಾಲಿನವನು ಯಾರೊಂದಿಗೆ ಜಗಳವಾಡುತ್ತಿದ್ದಾನೆ. ಮನೆಯಲ್ಲಿ ಹತ್ತು ಮಾತು ಆಡದವಳು ಸ್ಟಿಯರಿಂಗು ಹಿಡಿದರೆ ಊರನ್ನೇ ಕಟ್ಟಿಕೊಡುತ್ತಿದ್ದಳು. ನನಗೆ ಹಿಂದಿನ ಸೀಟಿನಲ್ಲಿ ಜೊಂಪು ಹತ್ತುತ್ತಿತ್ತು. ಕೆರೆಯನ್ನು ಕಣ್ಣಿನಲ್ಲಿ ನೋಡಿದೆನೋ ಅವಳ ಮಾತಿನಲ್ಲಿ ನೋಡಿದೆನೋ ಈಗ ಬೇರ್ಪಡಿಸಲಾರೆ.

ಆಮೇಲೆ ರಸ್ತೆ ಅಗಲ ಮಾಡಲು ಮರಗಳನ್ನು ಕಡಿದರು. ಒಂದು ಭಾನುವಾರ ಹೋದರೆ ಹೆಬ್ಬಾಳದಿಂದಾಚೆ ಬರೀ ಬಿಳಿ ಬುಡಗಳು, ಮೇಲೆ ಬೆತ್ತಲೆ ಆಕಾಶ. ಅವ್ವನ ಮಾತು ಒಂದು ಕ್ಷಣ ನಿಂತಿತು. ನಾನು ಎದ್ದು ಕೂತೆ.

“ಮರ ಬಂದುವೇನು?” ಎಂದು ಅಪ್ಪ ಕೇಳಿದ.

“ಬಂದುವ್ರಿ,” ಎಂದಳು ಅವ್ವ. “ಎಲಿ ಹೊಸಾವು ಬಂದಾವು. ಕೆಂಪಗ ಅದಾವು.”

ಕನ್ನಡಿಯಲ್ಲಿ ಅವಳ ಕಣ್ಣು ನನ್ನನ್ನು ನೋಡಿತು. ನಾನು ಮತ್ತೆ ಸೀಟಿಗೆ ಒರಗಿದೆ. ಆ ಮರಗಳು ಮುಂದಿನ ಭಾನುವಾರವೂ ಇದ್ದವು, ಅದರ ಮುಂದಿನದಕ್ಕೂ. ಹೂ ಬಿಟ್ಟವು, ಕಾಯಿ ಬಿಟ್ಟವು. ಮಳೆಗಾಲದಲ್ಲಿ ಒಂದರ ಕೊಂಬೆಯೂ ಮುರಿದು ಬಿತ್ತು.

ಒಮ್ಮೆ ಹಿಂದಿರುಗುವಾಗ ಅವ್ವ ಹೆಬ್ಬಾಳದಲ್ಲಿ ಕಾರು ನಿಲ್ಲಿಸಿ ಸೊಪ್ಪು ಕೊಳ್ಳಲು ಇಳಿದಳು. ಅಪ್ಪನ ಎಡಗೈ ಕಿಟಕಿಯ ಮೇಲಿತ್ತು. ಅವನು ಹಿಂದೆ ತಿರುಗದೆ ಅಂದ: “ಮೊದಲ ಈ ದಾರ್ಯಾಗ ಬರುವಾಗ ಕೈ ಮ್ಯಾಲ ನೆರಳು, ಬಿಸಲು, ನೆರಳು, ಬಿಸಲು ಹೋಗತಿತ್ತು. ಈಗ ಬರೇ ಬಿಸಲು.” ಕೈ ಒಳಗೆ ತೆಗೆದುಕೊಂಡು ಸೇರಿಸಿದ: “ನಿಮ್ಮವ್ವಗ ಹೇಳಬ್ಯಾಡ. ಭಾಳ ಚಂದ ಹೇಳತಾಳ.”

ಅಪ್ಪ ಹೋಗಿ ಬಹಳ ವರ್ಷಗಳಾದವು. ಅವ್ವ ನನ್ನ ಜೊತೆಗಿದ್ದಾಳೆ, ಎಂಬತ್ತು ದಾಟಿದೆ, ಕಿವಿ ಇನ್ನೂ ಚುರುಕಾಗಿದೆ. ನಾನು ಅಪ್ಪನ ಆ ಮಾತನ್ನು ಇಷ್ಟು ವರ್ಷ ಒಳಗೇ ಇಟ್ಟುಕೊಂಡಿದ್ದೆ. ಯಾಕೆ ಇಟ್ಟುಕೊಂಡಿದ್ದೆನೋ. ಕೊಟ್ಟ ಮಾತೆಂದೋ, ಅವಳಿಗೆ ನೋವಾದೀತೆಂದೋ. ಮೊನ್ನೆ ಕೊಡಿಗೇಹಳ್ಳಿಯಿಂದ ಬಂದು ಅವಳ ಮಂಚದ ಮೇಲೆ ಕೂತೆ. ನೋಡಿದ ಕಾರಿನ ಸುದ್ದಿ ಹೇಳುತ್ತ ಹೇಳುತ್ತ ಅದನ್ನೂ ಹೇಳಿಬಿಟ್ಟೆ.

“ಅಪ್ಪಗ ಗೊತ್ತಿತ್ತವ್ವಾ. ಮರ ಇಲ್ಲ ಅಂತ.”

ಅವಳು ಮುಖ ಎತ್ತಲಿಲ್ಲ. ಸೆರಗಿನ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. ನಾನು ತಪ್ಪು ಮಾಡಿದೆನೇನೋ ಎಂದು ಹೆದರಿಕೆಯಾಯಿತು. ಅಷ್ಟರಲ್ಲಿ ಅವಳ ಭುಜ ಅಲುಗತೊಡಗಿತು. ನಗುತ್ತಿದ್ದಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಒರೆಸಿಕೊಂಡು, ಹೊಸದಾಗಿ ಮದುವೆಯಾದವಳ ನಾಚಿಕೆಯಲ್ಲಿ ಕೇಳಿದಳು:

“ಹಂಗಾರ ನಾ ಕಟ್ಟಿ ಹೇಳಿದ ಆ ನವಿಲಿನ ಸುದ್ದೀನೂ ಗೊತ್ತಿತ್ತೇನು?”

“ಯಾವ ನವಿಲು?”

“ನೀ ಅವತ್ತ ಇದ್ದಿಲ್ಲ,” ಎಂದಳು ಅವ್ವ. ಎಂದು, ಗೋಡೆಯ ಕಡೆ ಹೊರಳಿ, ಇನ್ನೂ ಸ್ವಲ್ಪ ಹೊತ್ತು ತನ್ನಷ್ಟಕ್ಕೇ ನಗುತ್ತಿದ್ದಳು.