ಆಚೀ ಕಡೆಯ ವೈರು

ಮುದ್ದೇಬಿಹಾಳದ ನಮ್ಮ ಕಾಲೇಜಿನ ಕಂಪ್ಯೂಟರ್ ಲ್ಯಾಬಿನ ಅಟೆಂಡರ್‌ಗೆ ಒಂದು ಚಟವಿತ್ತು. ನಾನು ಪಾಠ ಮಾಡುತ್ತಿದ್ದರೆ ಹಿಂದಿನಿಂದ ಬಂದು ನನ್ನ ಕಂಪ್ಯೂಟರಿನ ನೆಟ್‌ವರ್ಕ್ ವೈರು ಕಿತ್ತು, ಕೈ ಹಿಂದೆ ಕಟ್ಟಿಕೊಂಡು ನಿಂತು ಕೇಳುತ್ತಿದ್ದರು: "ಗೊತ್ತಾತೇನ್ರಿ ಮೇಡಮ್?"

ಹಟಕ್ಕೆ ಬಿದ್ದು, ವೈರು ಕಿತ್ತ ಕೂಡಲೇ ಪರದೆಯ ಮೇಲೆ ಹೇಳುವ ಪ್ರೋಗ್ರಾಂ ಒಂದನ್ನು ಸಿ ಭಾಷೆಯಲ್ಲಿ ಬರೆದೆ. ಲ್ಯಾಬಿನ ಅರ್ಧ ಕಂಪ್ಯೂಟರುಗಳಲ್ಲಿ ವಿಂಡೋಸ್, ಉಳಿದವುಗಳಲ್ಲಿ ಲಿನಕ್ಸ್. ವಿಂಡೋಸ್ ಈ ಸುದ್ದಿ ಕೊಡುವ ರೀತಿ ಒಂದು, ಲಿನಕ್ಸ್ ಕೊಡುವ ರೀತಿ ಇನ್ನೊಂದು. ಎರಡಕ್ಕೂ ಬೇರೆ ಬೇರೆ ಬರೆದು ತಲೆ ಚಿಟ್ಟು ಹಿಡಿಯಿತು.

"ಕಿತ್ತಿದ್ದು ಒಂದ ವೈರ್. ಎರಡೆರಡು ಸಲ ಯಾಕ ಬರೀತೀರಿ?" ಎಂದು ಅವರು ಚಹಾ ಹೀರಿದರು.

ಕೊನೆಗೆ ಆ ಪ್ರೋಗ್ರಾಂ ಅನ್ನು ಇಡೀ ಲ್ಯಾಬಿಗೆ ಹಾಕಿದೆ. ಒಂದು ದಿನ ಕಾಲೇಜಿನ ತಪಾಸಣೆಗೆ ಬಂದವರ ಮುಂದೆ ಎಲ್ಲ ಕಂಪ್ಯೂಟರುಗಳೂ "ಸಂಪರ್ಕ ಇದೆ" ಎಂದು ತೋರಿಸುತ್ತಿದ್ದವು. ಆದರೆ ಒಂದು ಪುಟವೂ ತೆರೆಯಲಿಲ್ಲ. ಬಂದವರು ನಕ್ಕರು. ಹೊರಗೆ ಓಡಿದರೆ ಈ ಮಹಾಶಯರು ಕಾರಿಡಾರಿನಲ್ಲಿ, ಇಡೀ ಲ್ಯಾಬಿಗೆ ಹೊರಗಿನಿಂದ ಬರುವ ಒಂದೇ ವೈರನ್ನು ಕಿತ್ತು ಹಿಡಿದು ನಿಂತಿದ್ದರು.

"ಗೊತ್ತಾತೇನ್ರಿ ಮೇಡಮ್? ನಿಮ್ಮ ಕಡೀ ವೈರ್ ಗಟ್ಟಿ ಐತ್ರಿ. ಆಚೀ ಕಡೀ ಯಾರರ ಅದಾರೋ ಇಲ್ಲೋ, ಕೇಳೀರೇನು?"

ವೈರು ಕಸಿದುಕೊಂಡು ನಾನೇ ಸಿಕ್ಕಿಸಿದೆ. ಮರುದಿನ, ಆಚೆ ಕಡೆಯ ಕಂಪ್ಯೂಟರನ್ನೂ ಆಗಾಗ ಕೂಗಿ, ಓಗೊಟ್ಟಿತೇ ಎಂದು ನೋಡುವಂತೆ ಪ್ರೋಗ್ರಾಂ ತಿದ್ದಿದೆ. ಅವರು ಒಂದು ಶಾಬಾಸ್ ಕೂಡ ಅನ್ನಲಿಲ್ಲ.

ಆಮೇಲೆ ನಿವೃತ್ತರಾಗಿ ತಮ್ಮ ಊರು ಇಂಗಳೇಶ್ವರಕ್ಕೆ ಹೋದರು. ಈಗ ಒಂದು ವಾರದಿಂದ ಅವರಿಗೆ ಫೋನ್ ಮಾಡುತ್ತಿದ್ದೇನೆ. ರಿಂಗಾಗುತ್ತದೆ, ರಿಂಗಾಗುತ್ತಲೇ ಇರುತ್ತದೆ. ಒಂದು ಸಲ ಎತ್ತಿದರೆ ಈ ಮನುಷ್ಯನ ಗಂಟೇನು ಹೋಗುತ್ತದೆ?